ಗಿರಿಜಕ್ಕನ ಒಲೆ ಲೆಕ್ಕ

ಗಿರಿಜಕ್ಕ ಯಾರ ಮನೆಗೆ ಬಂದರೂ ಜಗಲಿಯಲ್ಲಿ ಕೂರುವವಳಲ್ಲ. ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಒಲೆಯ ಮುಂದೆ ಮಣೆ ಎಳೆದುಕೊಂಡು ಕೂತ ಮೇಲೆಯೇ ಮಾತು. ಕುಪ್ಪಗಡ್ಡೆ ಹತ್ತಿರದ ನಮ್ಮ ಪುಟ್ಟ ಊರಿನ ನೀರಿನ ಸಮಿತಿಗೆ ಅವಳನ್ನು ಸೇರಿಸಿದ್ದೇ ಆ ಧೈರ್ಯ ನೋಡಿ.

ಹಳೇ ಟ್ಯಾಂಕು ಸೋರಿ ಸೋರಿ, ಬೇಸಿಗೆ ಬಂತೆಂದರೆ ಒಂದು ಕೊಡ ನೀರಿಗೂ ಪರದಾಟ. ಹೊಸ ಟ್ಯಾಂಕು, ಮನೆಮನೆಗೆ ನಲ್ಲಿ ಬೇಕೆಂದರೆ ಊರಿನವರ ಪಾಲಿನ ವಂತಿಗೆ ಮೊದಲು ಬ್ಯಾಂಕಿಗೆ ಬೀಳಬೇಕು, ಆಮೇಲೇ ಸರ್ಕಾರದ ದುಡ್ಡು. ಎತ್ತುವ ಕೆಲಸ ಗಿರಿಜಕ್ಕನದು. ಮಾರಿಹಬ್ಬಕ್ಕೆ ಎತ್ತುವ ಹಾಗೆ ಅವಳು ಒಲೆ ಲೆಕ್ಕದಲ್ಲೇ ಎತ್ತಿದಳು: ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೋ ಅಷ್ಟು ವಂತಿಗೆ. ನಮ್ಮಲ್ಲಿ ಒಲೆ ಎರಡು. ನಾನೂ ನನ್ನ ವಾರಗಿತ್ತಿ ಲಲಿತಕ್ಕನೂ ಮಾತು ಬಿಟ್ಟು ಆಗಲೇ ಆರು ವರ್ಷ. ನಡುಮನೆಗೆ ಗೋಡೆ ಎದ್ದಿತ್ತು. ನನ್ನದೇ ಒಂದು ನಲ್ಲಿ ಬರುತ್ತದೆಂದು ನಾನು ಹಾಲಿನ ದುಡ್ಡು ಕೂಡಿಟ್ಟು ಕೊಟ್ಟೆ.

ಇಂಜಿನಿಯರ್ ಪಟ್ಟಿ ತಂದಾಗ ಗೊತ್ತಾಯಿತು, ಅವರದು ಒಲೆ ಲೆಕ್ಕವಲ್ಲ, ಪಂಚಾಯ್ತಿಯ ಮನೆ ನಂಬರಿನ ಲೆಕ್ಕ. ಒಂದು ನಂಬರಿಗೆ ಒಂದೇ ನಲ್ಲಿ. ಒಂದೇ ನಂಬರಿನಲ್ಲಿ ಎರಡು ಒಲೆ ಇದ್ದದ್ದು ಊರಿಗೆಲ್ಲ ನಮ್ಮದೊಂದೇ ಮನೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಂಜನಾಪುರದ ಡ್ಯಾಮಿನ ಕೆಳಗೆ ಹುಟ್ಟಿದವಳು ನಾನು, ನೀರಿಗಾಗಿ ಯಾರ ಮುಂದೂ ನಿಂತವಳಲ್ಲ. ಗಿರಿಜಕ್ಕನಿಗೆ ಬಾಯಿಗೆ ಬಂದಂತೆ ಅಂದೆ.

ಮರುದಿನ ಅವಳು ನನ್ನ ಒಲೆಯ ಮುಂದೆ ಕೂತು, ಸೆರಗಿನ ಗಂಟು ಬಿಚ್ಚಿ ದುಡ್ಡು ಇಟ್ಟಳು.

“ತಪ್ಪು ನಂದೇ ಕಣೇ. ಒಲೆ ಎಣ್ಸಿದ್ನೇ ಹೊರ್ತು ನಂಬರು ಕೇಳ್ಲಿಲ್ಲ. ಬ್ಯಾಂಕಿಂದ ತೆಗೆದ್ರೆ ಊರಿಗೇ ನೀರಿಲ್ಲ, ಅದ್ಕೆ ನನ್ನ ಕೈಯಿಂದ ಕೊಡ್ತಿದೀನಿ. ಇಲ್ಲಾಂದ್ರೆ ಅಂಗಳಕ್ಕೆ ಬರೋ ಒಂದೇ ನಲ್ಲೀಲಿ ದಿನಕ್ಕೊಬ್ರು ಮೊದ್ಲು ಹಿಡೀರಿ. ಸರದಿ ನೋಡಕ್ಕೆ ನಾನೇ ಬರ್ತೀನಿ.”

ನಾಚಿಕೆಯಾಗಿ ನಾನು ದುಡ್ಡು ಮುಟ್ಟಲಿಲ್ಲ.

ಟ್ಯಾಂಕು ಎದ್ದು ಅಂಗಳಕ್ಕೆ ನಲ್ಲಿ ಬಂದ ಮೇಲೆ ಬಂದಳು ಮಾರಾಯ್ತಿ, ದಿನಾ ಬಂದಳು. ನೀರು ಬಿಡುವ ಹೊತ್ತಿಗೆ ನಮ್ಮಿಬ್ಬರ ನಡುವೆ ನಿಂತು, ಇವತ್ತು ಇವಳದು, ನೀನು ಸುಮ್ಮನಿರು ಎನ್ನುತ್ತಿದ್ದಳು. ಮದುವೆ ವಯಸ್ಸಿಗೆ ಬಂದ ಮಕ್ಕಳಿರುವ ಹೆಂಗಸರನ್ನು ಹೀಗೆ ಕಾಯುವುದೆಂದರೆ! ನನಗೆ ಒಳಗೊಳಗೇ ನಗು ಬರುತ್ತಿತ್ತು. ಲಲಿತಕ್ಕನೂ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು, ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಎರಡು ಬೇಸಿಗೆ ಹಾಗೇ ಕಳೆಯಿತು.

ಹೋದ ಮಾಘದಲ್ಲಿ ಗಿರಿಜಕ್ಕನಿಗೆ ಎದೆನೋವು ಬಂತು. ಸೊರಬದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ನನ್ನ ತಾಯಿ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮಣ್ಣು ಮಾಡಿದ ಮರುದಿನ ನಲ್ಲಿಯಲ್ಲಿ ನೀರು ಬಂತು. ನಾನೂ ಲಲಿತಕ್ಕನೂ ಕೊಡ ಹಿಡಿದು ಎದುರುಬದುರು ನಿಂತೆವು. ನೀರು ಸುಮ್ಮನೆ ಕಲ್ಲಿನ ಮೇಲೆ ಹರಿಯುತ್ತಿತ್ತು.

“ಇವತ್ತು ಯಾರ ಸರದಿನೇ?” ಎಂದಳು ಲಲಿತಕ್ಕ.

ಎಂಟು ವರ್ಷದ ಮೇಲೆ ಅವಳು ನನ್ನ ಜೊತೆ ಆಡಿದ ಮೊದಲ ಮಾತು. ನನಗೂ ಗೊತ್ತಿರಲಿಲ್ಲ.