ಎರಡು ಸಿಪಾಯಿಗಳ ಮೊದಲ ನಡೆ

ಶಿಕಾರಿಪುರದಲ್ಲಿ ಶಾಲಾ ಹುಡುಗಿಯರ ಐದು ನಿಮಿಷದ ಚೆಸ್ ಪಂದ್ಯಕ್ಕೆ ಹೋದಾಗ ನಾನು ಒಂಬತ್ತನೇ ಕ್ಲಾಸು. ಮೊದಲ ಸುತ್ತಿನಲ್ಲಿ ಸೋತರೆ ನೇರ ಮನೆಗೆ. ಒಂದು ತಿಂಗಳು ಮೊಬೈಲ್ ನೋಡಿ ಒಂದು ಓಪನಿಂಗ್, ಅಂದರೆ ಆಟದ ಮೊದಲ ಕೆಲವು ನಡೆ, ಬಾಯಿಪಾಠ ಮಾಡಿದ್ದೆ. ಆದರೂ ಭಯ. ಆನವಟ್ಟಿಯಿಂದ ಬಸ್ಸಿನಲ್ಲಿ ಬಂದು ಐದೇ ನಿಮಿಷಕ್ಕೆ ಸೋತು ವಾಪಸ್ ಹೋದರೆ ಮರ್ಯಾದೆ ಏನಾಗಬೇಕು?

ಎದುರಿಗೆ ಕೂತವಳು ತಾಳಗುಂದದವಳು, ನನಗಿಂತ ಎರಡು ವರ್ಷ ಚಿಕ್ಕವಳು. ಜೊತೆಗೆ ಬಂದ ಅಜ್ಜ ಗೋಡೆ ಬದಿಯ ಬೆಂಚಿನ ಮೇಲೆ ಅವಳ ಬುತ್ತಿ ಹಿಡಿದು ಕೂತಿದ್ದರು. ಬಿಳಿ ಕಾಯಿ ಅವಳದು. ಗಡಿಯಾರ ಶುರುವಾಯಿತು. ಅವಳು ರಾಜನ ಮುಂದಿನ ಸಿಪಾಯಿ, ರಾಣಿಯ ಮುಂದಿನ ಸಿಪಾಯಿ, ಎರಡನ್ನೂ ಒಂದೊಂದು ಮನೆ ಸರಿಸಿ, ನಡೆ ಮುಗಿಯಿತೆಂದು ಗಡಿಯಾರದ ಗುಂಡಿ ಒತ್ತಿದಳು.

ನಮ್ಮ ಕಡೆ ಹಿರಿಯರ ಆಟ ಹಾಗೇ. ಮೊದಲ ಸಲ ಎರಡು ಸಿಪಾಯಿ ಒಟ್ಟಿಗೆ. ನನ್ನಪ್ಪ ದರ್ಜಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನನಗೂ ಹಾಗೇ ಕಲಿಸಿದ್ದರು. ಪಂದ್ಯದಲ್ಲಿ ಅದು ತಪ್ಪು ಅಂತ ಮೊಬೈಲ್ ನೋಡಿ ನನಗೆ ಗೊತ್ತಾಗಿತ್ತು, ಅಷ್ಟೇ ದೊಡ್ಡಸ್ತಿಕೆ. ಅವಳು ಗುಂಡಿಯತ್ತ ಕೈ ಚಾಚುವಾಗಲೇ "ಒಂದೇ ನಡೆಸೇ ಮಾರಾಯ್ತಿ" ಅಂದಿದ್ದರೆ ಮುಗಿಯುತ್ತಿತ್ತು. ಒತ್ತುವವರೆಗೂ ಕಾದು ಕೈ ಎತ್ತಿದೆ.

ತೀರ್ಪುಗಾರರು ಬಂದರು. "ಗುಂಡಿ ಒತ್ತಿದ್ಲಾ?"

"ಒತ್ತಿದ್ಲು ಸಾರ್."

"ತಪ್ಪು ನಡೆ ಆದ್ರೆ ಆಟ ಹೋಯ್ತು ಅಂತ ಬೆಳಿಗ್ಗೇನೇ ಹೇಳಿದೀನಿ," ಎಂದು ಅವರು ನನ್ನ ಹೆಸರಿನ ಮುಂದೆ ಗೆಲುವು ಬರೆದರು. ನಾನು ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ.

ಅಜ್ಜ ಎದ್ದು ಬಂದರು. ಸಿಟ್ಟಿರಲಿಲ್ಲ, ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು. "ನಮ್ಮಲ್ಲಿ ಹಿಂಗೇ ಶುರು ಮಾಡೋದ್ರೀ," ಅಂತ ತೀರ್ಪುಗಾರರಿಗೆ ಹೇಳಿ ನನ್ನ ಕಡೆ ತಿರುಗಿದರು. "ನಿಮ್ಮೂರ ಕಡೆ ಹಿಂಗೆ ಆಡಲ್ವೇನವ್ವ?"

"ಇಲ್ಲ ಅಜ್ಜ," ಅಂದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

"ಹಂಗಾರೆ ತಪ್ಪು ನಂದೇ ಬಿಡು," ಎಂದು ಅವರು ಮೊಮ್ಮಗಳ ತಲೆ ಸವರಿದರು. ಅವಳು ಎರಡೂ ಸಿಪಾಯಿಗಳನ್ನು ಮೊದಲಿನ ಮನೆಗೇ ಇಟ್ಟು ಎದ್ದಳು.

ಮುಂದಿನ ಸುತ್ತಿನಲ್ಲಿ ನಾನೂ ಸೋತೆ. ಕಲಿತ ಓಪನಿಂಗ್ ನೆನಪಿಗೇ ಬರಲಿಲ್ಲ.

ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಎಲ್ಲಿಲ್ಲದ ಖುಷಿ. "ಒಂದಾದ್ರೂ ಗೆದ್ಯಲ್ಲ, ನಮ್ಮ ಅಂಗಡಿ ಆಟ ಅಂದ್ರೆ ಸುಮ್ನೇನಾ," ಎನ್ನುತ್ತಾ ಮೇಜಿನ ಬಟ್ಟೆ ಸರಿಸಿ ಕಾಯಿ ಜೋಡಿಸಿದರು. "ಹೆಂಗೆ ಗೆದ್ದೆ, ತೋರ್ಸು." ತಮ್ಮ ಎರಡು ಸಿಪಾಯಿಗಳನ್ನು ಒಟ್ಟಿಗೆ ಮುಂದಿಟ್ಟು ಕಾದು ಕೂತರು.

ನಾನೂ ಎರಡು ಸಿಪಾಯಿ ಸರಿಸಿದೆ. ಅವರ ಮುಖ ನೋಡಲಾಗಲಿಲ್ಲ.