ಸರೋಜಕ್ಕನ ಒಂದು ಮೊಳ ಅಬ್ಬಲಿಗೆ

ಅನನ್ಯಾ, ಪ್ರಣವ್, ನೀವು ಕನಕಾಂಬರಂ ಎನ್ನುವ ಹೂವಿಗೆ ನಮ್ಮೂರಿನಲ್ಲಿ ಅಬ್ಬಲಿಗೆ ಎನ್ನುತ್ತಾರೆ. ಪೋರೂರಿನ ನಮ್ಮ ಪಕ್ಕದ ಮನೆಯಲ್ಲಿದ್ದ, ನಮ್ಮೂರಿನವರೇ ಆದ ಸರೋಜಕ್ಕ ಅದನ್ನು ಕಟ್ಟುವಾಗ ನೆನೆಸಿದ ಬಾಳೆನಾರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದರು. ಮಾತು ಅರ್ಧ ಕೇಳಿಸುತ್ತಿತ್ತು, ಸಿಟ್ಟು ಪೂರ್ತಿ ತಿಳಿಯುತ್ತಿತ್ತು.

ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅವರ ಗಂಡ ಬೇಗನೆ ತೀರಿಕೊಂಡರು. ಅಲ್ಲಿಂದ ತಂದಿದ್ದ ಎಣ್ಣೆ ಡಬ್ಬಗಳ ತಳಕ್ಕೆ ತೂತು ಹೊಡೆದು, ಸರೋಜಕ್ಕ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಅಬ್ಬಲಿಗೆ ಗೆಲ್ಲು ನೆಟ್ಟರು. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಒಣಗಿದ ತೆನೆ ಮುರಿದರೆ ಹೊಸ ಚಿಗುರು ಬರುತ್ತದೆ. ಬೀಜಕ್ಕೆ ಇಟ್ಟ ತೆನೆಗೆ ನೀರು ಸೋಕಿಸಿದರೆ ಪಟ್ ಪಟ್ ಎಂದು ಸಿಡಿಯುತ್ತದೆ. ನೀವಿಬ್ಬರೂ ಕಿವಿ ಮುಚ್ಚಿಕೊಂಡು ನಗುತ್ತಿದ್ದಿರಿ, ನೆನಪಿದೆಯೇ?

ಬೀದಿಯ ಮದುವಣಗಿತ್ತಿಯರೆಲ್ಲ ಅವರು ಕಟ್ಟಿದ ಹೂವನ್ನೇ ಮುಡಿದರು. ಮುಡಿಸುವ ಹೊತ್ತಿಗೆ ಮಾತ್ರ ಅವರನ್ನು ಯಾರೂ ಒಳಗೆ ಕರೆಯಲಿಲ್ಲ.

"ಈ ಹೂವಿಗೆ ಪರಿಮಳವೇ ಇಲ್ಲವಲ್ಲ ಅಕ್ಕ?" ಎಂದು ಒಮ್ಮೆ ಕೇಳಿದೆ.

"ಇಲ್ಲದ್ದೇ ಒಳ್ಳೇದು ಮಾರಾಯ್ತಿ. ಮಲ್ಲಿಗೆ ಆದ್ರೆ ಕದ್ದು ಮುಡಿದ್ರೂ ಊರಿಗೆಲ್ಲ ಗೊತ್ತಾಗ್ತದೆ," ಎಂದು ನಕ್ಕರು.

ನಿಮ್ಮ ಅಜ್ಜ ತೀರಿಕೊಂಡಾಗ ಹೆಂಗಸರು ನನ್ನ ಮುಡಿಯಿಂದ ಹೂ ಕಿತ್ತರು. ಸರೋಜಕ್ಕ ಬಾಗಿಲಲ್ಲೇ ನಿಂತು ಗದರಿದರು: "ಅವಳಿಗೆ ಹೂ ಮುಡಿಸಿದ್ದು ಅವಳ ಅಮ್ಮ, ಮದುವೆಗೆ ಎಷ್ಟೋ ಮೊದಲು. ಗಂಡ ತಂದ ಸಾಮಾನಾ ಅದು, ಅವನ ಜೊತೆ ಹೋಗ್ಲಿಕ್ಕೆ?" ಆದರೂ ಯಾರೂ ಹೂವನ್ನು ಹಿಂದೆ ಕೊಡಲಿಲ್ಲ. ಆಮೇಲೆ ಸರೋಜಕ್ಕ ನನ್ನ ಕೈ ಹಿಡಿದು ಹೇಳಿದರು, "ನಾನು ಸತ್ತ ದಿನ ನನಗೊಂದು ಮೊಳ ಮುಡಿಸು. ಮರೀಬೇಡ."

ಕಳೆದ ವರ್ಷ ಅವರು ಹೋದರು. ಅವರ ಗಿಡದ್ದೇ ಹೂ ಕಟ್ಟಿಕೊಂಡು ಹೋದೆ. ಅಣ್ಣಾ ನಗರ್‌ನಿಂದ ಬಂದ ಅವರ ಮೈದುನ ಗುಲಾಬಿಯ ದೊಡ್ಡ ಹಾರವನ್ನು ಹೆಣದ ಎದೆಯ ಮೇಲೆ ಹಾಕಿ, ನನ್ನ ಕೈಗೆ ಅಡ್ಡ ಬಂದರು.

"ಎಂತ ಇದು? ಗಂಡ ಇಲ್ಲದವಳ ಮುಡಿಗೆ ಹೂವಾ? ನಿಮಗಾದ್ರೂ ಗೊತ್ತಿರಬೇಕಿತ್ತು."

ಎದೆಗೆ ಹೊರೆ ಹೂ ಆಗುತ್ತದೆ, ಮುಡಿಗೆ ಒಂದು ಮೊಳ ಆಗುವುದಿಲ್ಲ! ನಾಲ್ಕು ಜನರೆದುರು ಬಾಯಿ ಬಿಡದವಳು ನಾನು. ಅಂದು ಮೈಯೆಲ್ಲ ಉರಿಯಿತು. ಅವರ ಕೈ ಸರಿಸಿ, ಸರೋಜಕ್ಕನ ತಲೆ ಎತ್ತಿ, ಕೂದಲ ಗಂಟಿನ ಸುತ್ತ ಅಬ್ಬಲಿಗೆ ಸುತ್ತಿದೆ.

"ಬೇಡ ಅಂತಾದ್ರೆ ನೀವೇ ತಲೆ ಎತ್ತಿ ತೆಗೀರಿ," ಎಂದೆ.

ಯಾರೂ ಮುಟ್ಟಲಿಲ್ಲ. ಸರೋಜಕ್ಕ ಮುಡಿದುಕೊಂಡೇ ಹೋದರು.

ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಬದುಕಿರುವಾಗ ತಾರಸಿಗೆ ಹೋಗಿ ಕದ್ದು ಮುಡಿಯಬೇಕಿತ್ತೇ ಅವರು, ತಾವೇ ಬೆಳೆಸಿದ್ದನ್ನು?

ಅವರ ಡಬ್ಬಗಳು ಈಗ ನಮ್ಮ ಬಾಲ್ಕನಿಯಲ್ಲಿವೆ. ನನ್ನ ದಿನ ಬಂದಾಗಲೂ ಯಾರಾದರೂ ಕೈ ಅಡ್ಡ ಹಿಡಿಯುತ್ತಾರೆ, ನಮ್ಮ ಮನೆಯವರೇ ಹಿಡಿದಾರು. ಆಗ ಅಜ್ಜಿಯೇ ಬರೆದಿದ್ದಾಳೆ ಎಂದು ತೋರಿಸಿ, ಮುಡಿಸಿ. ಅಲ್ಲಿಯವರೆಗೆ ಈ ಹಾಳೆಗಳು ಜೋಪಾನ, ಮಕ್ಕಳೇ.