ಶೋಕಗೀತೆಯವಳ ಮಾತ್ರೆ

ನಮ್ಮ ಬೆಟ್ಟದೂರು ಅಟ್‌ಬಾಶಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಬುರ್ಮಾಕಾನ್‌ಗೆ ಕರೆ ಹೋಗುತ್ತಿತ್ತು. ಹೆಣ ಇಡಲೆಂದು ಹಾಕಿದ ಡೇರೆಯೊಳಗೆ ಗೋಡೆಗೆ ಮುಖ ಮಾಡಿ ಕೂತು, ಸತ್ತವರ ಗುಣಗಳನ್ನು ಹಾಡುತ್ತಾ ಅಳುವುದು ಅವಳ ಕೆಲಸ. ಹೋದ ಚಳಿಗಾಲದಲ್ಲಿ ಅವಳಿಗೆ ನಿದ್ದೆ ಬರದಾಯಿತು. ಹಸಿವೂ ಹೋಯಿತು. ಸಾವಿಲ್ಲದ ದಿನವೂ ಅಳತೊಡಗಿದಳು. ಗಂಡ ಕಾಲಿಬೆಕ್ ಅವಳನ್ನು ನರಿನ್ ಪಟ್ಟಣದ ಮನೋವೈದ್ಯೆಯ ಬಳಿಗೆ ಕರೆದೊಯ್ದ. ಆಕೆ ಮಾತ್ರೆ ಬರೆದುಕೊಟ್ಟಳು.

ಪಕ್ಕದ ಮನೆಯ ಸೋನುನ್‌ಬುಬು ವಿಷಯ ಕೇಳಿ ಓಡಿಬಂದಳು.

"ನುಂಗ್ಬೇಡ ಕಣೇ! ನನ್ನ ತಂಗಿ ಸೊಸೆ ನುಂಗಿ ಬಂಡೆ ಥರ ಆಗ್ಬಿಟ್ಲು. ಸ್ವಂತ ತಾಯಿ ಸತ್ರೂ ಒಂದು ಹನಿ ಕಣ್ಣೀರಿಲ್ಲ."

"ತಾಯಿ ಮೇಲೆ ಪ್ರೀತಿ ಇತ್ತಾ?"

"ಅದು ಬೇರೆ ವಿಷಯ."

ಬುರ್ಮಾಕಾನ್ ಮಾತ್ರೆಗಳನ್ನು ಹಿಟ್ಟಿನ ಚೀಲದ ಹಿಂದಿಟ್ಟು, ಮತ್ತೆ ವೈದ್ಯೆಯ ಬಳಿಗೆ ಹೋದಳು.

"ಡಾಕ್ಟ್ರಮ್ಮ, ಇದನ್ನ ತಗೊಂಡ್ರೆ ಅಳು ನಿಂತುಹೋಗತ್ತಾ? ಅಳೋದೇ ನನ್ನ ಕಸುಬು."

ವೈದ್ಯೆ ನಗಲಿಲ್ಲ. "ಕೆಲವರಿಗೆ ಮನಸ್ಸು ಮಂಕಾದ ಹಾಗನ್ಸತ್ತೆ ಅಕ್ಕ. ಹಾಗಾದ್ರೆ ಹೇಳಿ, ಪ್ರಮಾಣ ಬದಲಾಯಿಸೋಣ, ಇಲ್ಲಾ ಬೇರೆ ಮಾತ್ರೆ ನೋಡೋಣ. ಮೊದಮೊದಲು ಬಾಯಿ ಒಣಗಬಹುದು, ಹೊಟ್ಟೆ ತೊಳಸಬಹುದು. ಅರ್ಧದಿಂದ ಶುರುಮಾಡಿ. ಆದ್ರೆ ನೀವಾಗೇ ನಿಲ್ಲಿಸ್ಬೇಡಿ."

ಮನೆಗೆ ಬಂದು ಅರ್ಧ ಮಾತ್ರೆ ನುಂಗಿದಳು. ಕಾಲಿಬೆಕ್ ಎದುರಿಗೇ ಕೂತು ಅವಳ ಮುಖವನ್ನೇ ನೋಡಿದ.

"ಏನಾದ್ರೂ ಆಯ್ತಾ?"

"ನೀನು ಹೀಗೇ ನೋಡ್ತಾ ಕೂತ್ರೆ ಆಗತ್ತೆ."

ಕುರಿಮಾಂಸದ ವಾಸನೆಗೆ ವಾಕರಿಕೆ ಬಂತು. ಫೋನ್ ಮಾಡಿದಾಗ, ಊಟವಾದ ಮೇಲೆ ತಗೊಳ್ಳಿ ಎಂದಳು ವೈದ್ಯೆ. ವಾಕರಿಕೆ ಕಡಿಮೆಯಾಯಿತು. ನಿದ್ದೆ ಮೆಲ್ಲಗೆ ಮರಳಿತು.

ವಸಂತದಲ್ಲಿ ಮುದುಕ ಕುದುರೆಗಾಹಿಯೊಬ್ಬ ತೀರಿಕೊಂಡ. ಬುರ್ಮಾಕಾನ್ ಹೆದರುತ್ತಲೇ ಹೋಗಿ ಹಾಡಿದಳು. ಕಣ್ಣು ಒಣಗಿತ್ತು, ಬಾಯಿಯೂ ಒಣಗಿತ್ತು. ನಡುವೆ ಎರಡು ಸಲ ಚಹಾ ಕೇಳಬೇಕಾಯಿತು. ಆದರೆ ಗಂಟಲು ಕಟ್ಟಲಿಲ್ಲ. ಸತ್ತವನ ಕುದುರೆಗಳ ಹೆಸರುಗಳೆಲ್ಲ ಸಾಲಾಗಿ ಬಂದವು. ಹೆಂಗಸರೆಲ್ಲ ಬಿಕ್ಕಿಬಿಕ್ಕಿ ಅತ್ತರು.

"ಈ ಸಲ ಪ್ರತಿ ಮಾತೂ ಕೇಳಿಸ್ತು ತಾಯಿ," ಎಂದಳು ವಿಧವೆ.

"ನಿನ್ ಕಣ್ಣಲ್ಲಿ ಒಂದು ಹನಿ ಬರ್ಲಿಲ್ವಲ್ಲೇ!" ಎಂದಳು ಸೋನುನ್‌ಬುಬು.

"ಸತ್ತಿದ್ದು ನನ್ನ ಗಂಡ ಅಲ್ವಲ್ಲ."

ಹಾಗೆಂದರೂ ತನ್ನ ಅಳು ಬತ್ತಿಹೋಯಿತೇನೋ ಎಂಬ ಅಳುಕು ಒಳಗಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಬುರ್ಮಾಕಾನ್‌ಳ ತಂಗಿಯ ಮಗಳನ್ನು ಗಂಡನ ಮನೆಗೆ ಕಳಿಸಿಕೊಟ್ಟರು. ಹುಡುಗಿ ಕಾರು ಹತ್ತುವಾಗ ಬುರ್ಮಾಕಾನ್‌ಳ ಕಣ್ಣು ತಾನಾಗಿಯೇ ತುಂಬಿ ಹರಿಯಿತು. ಅಲ್ಲೇ ನಿಂತು ವೈದ್ಯೆಗೆ ಫೋನ್ ಮಾಡಿದಳು.

"ಡಾಕ್ಟ್ರಮ್ಮ, ಅಳು ಬಂತು!"

"ಸಂತೋಷ ಅಕ್ಕ. ಮಾತ್ರೆ ಮುಂದುವರಿಸಿ."